ಹತ್ತು ಮೀಟರ್ ದೂರದ ಒಂದು ಚುಕ್ಕೆ

ಹವ್ಯಾಸವಾಗಿ ಗುರಿ ಹೊಡೆಯುವ ಸ್ಪರ್ಧೆಗಳಲ್ಲಿ ಭಾಗವಹಿಸುವುದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಚಿಕ್ಕ ಟಿಪ್ಪಣಿಗೆ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ನಿರೀಕ್ಷೆಗೂ ಮೀರಿ ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಆಯ್ದ ಏಳಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಶರಣಬಸವೇಶ್ವರ ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿಯಲ್ಲಿ ಈ ಸಲ ಹತ್ತಕ್ಕೆ ಹತ್ತೂ ಒಡೆದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅಂದಿನಿಂದ ಸ್ಪರ್ಧೆಗೆ ಇಳಿಯಬೇಕೆಂಬ ಆಸೆ ಹುಟ್ಟಿದೆ. ನನಗೀಗ 41 ವರ್ಷ. ತಡವಾಯಿತೇ? ಎಲ್ಲಿಂದ ಆರಂಭಿಸಬೇಕು?
(ಸೇಡಂನ ಸಿಮೆಂಟ್ ಕಾರ್ಖಾನೆಯ ನೌಕರರೊಬ್ಬರು)

ಉತ್ತರ: ಜಾತ್ರೆಯ ಬಂದೂಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದರ ಸೈಟ್ (ನಳಿಗೆಯ ಮೇಲೆ ಗುರಿ ಹಿಡಿಯಲು ಇರುವ ಕಣ್ಣಿ) ಬಾಗಿರುತ್ತದೆ, ನಳಿಗೆ ಸವೆದಿರುತ್ತದೆ, ಸ್ಪ್ರಿಂಗು ಸೋತಿರುತ್ತದೆ. ಎರಡು ಹೊಡೆತ ತಪ್ಪಿದ ಮೇಲೆ, ಇನ್ನೆಷ್ಟು ಎಡಕ್ಕೆ ಹಿಡಿದರೆ ಬಲೂನು ಒಡೆಯುತ್ತದೆಂದು ಲೆಕ್ಕ ಹಾಕಿಕೊಂಡವರಿಗೆ ಸೈಟ್ ತಿದ್ದಿಕೊಳ್ಳುವ ಮೊದಲ ಪಾಠ ಅರ್ಧ ಬಂದಂತೆಯೇ. ಆದರೆ ಬಲೂನಿಗೂ ಸ್ಪರ್ಧೆಯ ಗುರಿಗೂ ಇರುವ ಅಂತರವನ್ನು ಒಮ್ಮೆ ಕಣ್ಣಿನಿಂದಲೇ ಅಳೆದುಕೊಳ್ಳಿ. 10 ಮೀಟರ್ ಏರ್ ರೈಫಲ್ (ಗಾಳಿಬಂದೂಕು) ಸ್ಪರ್ಧೆಯ ಗುರಿಯಲ್ಲಿ ಎಲ್ಲಕ್ಕಿಂತ ಹೊರಗಿನ ವೃತ್ತದ ವ್ಯಾಸವೇ 45.5 ಮಿಲಿಮೀಟರ್, ಅಂದರೆ ಒಂದು ನಿಂಬೆಹಣ್ಣಿನಷ್ಟು. ನಟ್ಟನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಬಾಲ್‌ಪೆನ್ನಿನ ಮೊನೆಯನ್ನು ಹಾಳೆಗೆ ತಾಗಿಸಿ ಎತ್ತಿದರೆ ಮೂಡುವಷ್ಟು. ಪೆಲೆಟ್ಟಿನ (ನಮ್ಮ ಕಡೆಯ ಮಾತಿನಲ್ಲಿ ಛರ್ರಾದ) ದಪ್ಪ 4.5 ಮಿಲಿಮೀಟರ್ ಇರುವುದರಿಂದ, ಅದರ ಅಂಚು ಆ ಚುಕ್ಕೆಯನ್ನು ಸೋಕಿದರೂ ಹತ್ತು ಅಂಕ ಸಿಗುತ್ತದೆಂಬುದೊಂದೇ ಸಮಾಧಾನ. ಇಂಥ 60 ಹೊಡೆತಗಳನ್ನು ನಿಂತುಕೊಂಡು, 75 ನಿಮಿಷದೊಳಗೆ ಮುಗಿಸಬೇಕು.

ವಯಸ್ಸಿನ ಚಿಂತೆ ಬಿಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಸಾಮಾನ್ಯ ಕನ್ನಡಕ ಮತ್ತು ಟೀ ಶರ್ಟಿನಲ್ಲೇ ಏರ್ ಪಿಸ್ತೂಲಿನ ಮಿಶ್ರ ತಂಡದ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ದಿಕೆಚ್ ಅವರಿಗೆ ಆಗ 51 ವರ್ಷ. ಸ್ವೀಡನ್ನಿನ ಆಸ್ಕರ್ ಸ್ವಾನ್ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ತಂಡದೊಂದಿಗೆ ಬೆಳ್ಳಿ ಪಡೆದಾಗ ಅವರಿಗೆ 72 ವರ್ಷ ಆಗಿತ್ತು. ಓಟದ ಆಟಗಳಲ್ಲಿ ಮೊದಲು ಕೈಕೊಡುವುದು ಮೊಣಕಾಲು. ಈ ಆಟಕ್ಕೆ ಬೇಕಾದದ್ದು ಸ್ಥಿರತೆ ಮತ್ತು ತಾಳ್ಮೆ. ನಲವತ್ತು ದಾಟಿದ ಮಾತ್ರಕ್ಕೆ ಅವೆರಡೂ ಕೈಬಿಟ್ಟು ಹೋಗುವುದಿಲ್ಲ.

ಆರಂಭದ ಮಟ್ಟಿಗೆ ನನ್ನ ಸಲಹೆ ಇಷ್ಟೇ: ಏನನ್ನೂ ಕೊಳ್ಳುವ ಮೊದಲು, ತರಬೇತಿ ನೀಡುವ ಒಂದು ರೇಂಜಿಗೆ (ಗುರಿ ಹೊಡೆಯಲೆಂದೇ ಇರುವ ಜಾಗಕ್ಕೆ) ಹೋಗಿ, ಅಲ್ಲಿನ ರೈಫಲನ್ನೂ ಪಿಸ್ತೂಲನ್ನೂ ಕನಿಷ್ಠ ಐದಾರು ಸಲ ಕೈಯಲ್ಲಿ ಹಿಡಿದು ನೋಡಿ. ಸೇಡಂನಿಂದ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರವಾದ್ದರಿಂದ ಅಭ್ಯಾಸಕ್ಕೆ ಅಲ್ಲಿಗೆ ಹೋಗುವುದರಲ್ಲಿ ತಪ್ಪಿಲ್ಲ. ಆದರೆ ಸ್ಪರ್ಧಿಯಾಗಿ ಹೆಸರು ನೋಂದಾಯಿಸುವುದು ನಮ್ಮ ರಾಜ್ಯದ ಮೂಲಕ, ಅಂದರೆ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಮೂಲಕ. ರಾಜ್ಯಮಟ್ಟದಲ್ಲಿ ನಿಗದಿತ ಅಂಕ ಗಳಿಸಿದವರು ಮೇಲಿನ ಹಂತಗಳಿಗೆ ಹೋಗುತ್ತಾರೆ. ಆ ಹಂತಗಳಲ್ಲಿ ಒಂದಾದ ಮಾವಳಂಕರ್ ಸ್ಪರ್ಧೆಗೆ ಹೆಸರು ಬಂದದ್ದು ಲೋಕಸಭೆಯ ಮೊದಲ ಸಭಾಧ್ಯಕ್ಷರೂ, 1951ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆಯ ಸ್ಥಾಪಕರೂ ಆದ ಜಿ. ವಿ. ಮಾವಳಂಕರ್ ಅವರಿಂದ.

ಪ್ರಶ್ನೆ: ಏರ್ ರೈಫಲ್ ಕೊಳ್ಳಲು ಪರವಾನಗಿ ಬೇಕೇ? ತೊಗರಿ ಹೊಲಕ್ಕೆ ಹಕ್ಕಿಗಳ ಕಾಟವಿದೆ. ಅಭ್ಯಾಸವೂ ಆಗುತ್ತದೆ, ಹೊಲವೂ ಉಳಿಯುತ್ತದೆ ಎಂಬ ಯೋಚನೆ ಇದೆ.
(ಯಾದಗಿರಿಯ ಓದುಗರೊಬ್ಬರು)

ಉತ್ತರ: ಎರಡನೆಯ ಯೋಚನೆಯನ್ನು ಈಗಲೇ ಕೈಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮುಂದೆ ‘ಅಭ್ಯಾಸಕ್ಕೆ ಹೊಡೆದೆ’ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ, ಮತ್ತು ಜೀವವಿರುವ ಯಾವುದರ ಕಡೆಗೂ ನಳಿಗೆ ತಿರುಗಿಸದವರಿಗೆ ಮಾತ್ರ ಈ ಅಂಕಣ ಮೀಸಲು. ಹಕ್ಕಿ ಓಡಿಸಲು ಡಬ್ಬಿ ಬಡಿಯುವ ನಮ್ಮ ಹಿರಿಯರ ಉಪಾಯವೇ ಸಾಕು.

ಇನ್ನು ಪರವಾನಗಿಯ ವಿಷಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ನಳಿಗೆಯ ತುದಿಯಲ್ಲಿ 20 ಜೌಲ್ ಮೀರದ ಶಕ್ತಿಯ ಮತ್ತು 0.177 ಅಂಗುಲ, ಅಂದರೆ 4.5 ಮಿಲಿಮೀಟರ್ ಮೀರದ ಒಳವ್ಯಾಸದ ಗಾಳಿಬಂದೂಕಿಗೆ ಪರವಾನಗಿಯ ಅಗತ್ಯವಿಲ್ಲ. ಒಲಿಂಪಿಕ್ಸ್‌ನಲ್ಲಿ ಬಳಸುವ 10 ಮೀಟರ್ ರೈಫಲ್ ಮತ್ತು ಪಿಸ್ತೂಲುಗಳು ಈ ಮಿತಿಯೊಳಗೇ ಬರುತ್ತವೆ. ಮಿತಿ ದಾಟಿದ ಗಾಳಿಬಂದೂಕಿಗೂ, ಮದ್ದಿನಿಂದ ಸಿಡಿಯುವ 0.22 ರೈಫಲಿಗೂ ಪರವಾನಗಿ ಬೇಕೇ ಬೇಕು. ಅದು ಆಟದ ಸಾಮಾನೆಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಅಂಗಡಿಯವರು ಗುರುತಿನ ಚೀಟಿ ಕೇಳಿದರೆ ಬೇಸರಿಸದೆ ಕೊಡಿ, ರಸೀದಿಯನ್ನು ಕಾಪಾಡಿಕೊಳ್ಳಿ. ಪರವಾನಗಿ ಬೇಡವೆಂದ ಮಾತ್ರಕ್ಕೆ ಹೆಗಲಿಗೆ ಹಾಕಿಕೊಂಡು ಗಾಂಧಿ ಚೌಕದಲ್ಲಿ ತಿರುಗಬಹುದೆಂದು ಅರ್ಥವಲ್ಲ. ದಾರಿಯಲ್ಲಿ ಕಾಣುವವರಿಗೆ ಅದು ಬಂದೂಕೇ. ಆದ್ದರಿಂದ ಪೆಲೆಟ್ ತೆಗೆದು, ಪೆಟ್ಟಿಗೆಯೊಳಗಿಟ್ಟು, ರೇಂಜ್ ಮುಟ್ಟಿದ ಮೇಲಷ್ಟೇ ಹೊರತೆಗೆಯಿರಿ.

ಪ್ರಶ್ನೆ: ನಾನು ಎನ್‌ಸಿಸಿ ಕೆಡೆಟ್. ಶಿಬಿರದಲ್ಲಿ 0.22 ರೈಫಲಿನಲ್ಲಿ ನನ್ನ ಗ್ರೂಪಿಂಗ್ (ಗುಂಡುಗಳು ಒತ್ತೊತ್ತಾಗಿ ಒಂದೇ ಕಡೆ ಬಿದ್ದದ್ದು) ನೋಡಿ ಎಲ್ಲರೂ ಹೊಗಳಿದ್ದರು. ಈಗ ಗೆಳೆಯನ ಏರ್ ರೈಫಲಿನಲ್ಲಿ ನಿಂತು ಹೊಡೆದರೆ ಪೆಲೆಟ್‌ಗಳು ಹಾಳೆಯ ತುಂಬ ಚೆಲ್ಲಾಪಿಲ್ಲಿಯಾಗುತ್ತವೆ. ಗುರಿ ಸರಿಯಾಗಿ ಕೂತ ಕ್ಷಣದಲ್ಲಿ ಟಕ್ಕನೆ ಒತ್ತಿದರೂ ಹೀಗೇ ಆಗುತ್ತದೆ. ತಪ್ಪು ಎಲ್ಲಿದೆ?
(ಕಲಬುರಗಿಯ ಪದವಿ ವಿದ್ಯಾರ್ಥಿ)

ಉತ್ತರ: ತಮ್ಮಾ, ನಿನ್ನ ಪ್ರಶ್ನೆಯಲ್ಲೇ ಉತ್ತರವಿದೆ, ‘ಟಕ್ಕನೆ’ ಎಂಬ ಮಾತಿನಲ್ಲಿ. ಅಲ್ಲಿಗೆ ಬರುವ ಮೊದಲು ಇನ್ನೊಂದು ವಿಷಯ ತಿಳಿಯಬೇಕು. ಶಿಬಿರದಲ್ಲಿ ನೀನು ಹೊಟ್ಟೆಯ ಮೇಲೆ ಮಲಗಿ ಹೊಡೆದೆ. ಎರಡು ಮೊಣಕೈ ಮತ್ತು ಇಡೀ ಮೈ ನೆಲಕ್ಕೆ ಒರಗಿದ್ದವು, ರೈಫಲಿನ ಭಾರವನ್ನು ಭೂಮಿಯೇ ಹೊತ್ತಿತ್ತು. ನಿಂತಾಗ ಆ ಭಾರವನ್ನು ನೀನು ಹೊರಬೇಕು, ಮತ್ತು ನೀನೀಗ ಅದನ್ನು ತೋಳಿನ ಬಲದಿಂದ ಹೊರುತ್ತಿದ್ದೀಯೆಂದು ನನ್ನ ಊಹೆ. ತೋಳಿನ ಸ್ನಾಯು ಅರ್ಧ ನಿಮಿಷದಲ್ಲಿ ದಣಿದು ನಡುಗುತ್ತದೆ, ಮೂಳೆಗೆ ದಣಿವಿಲ್ಲ. ಬಲಗೈಯವನಾದರೆ ಎಡ ಮೊಣಕೈಯನ್ನು ಎಡ ಸೊಂಟದ ಮೂಳೆಯ ಮೇಲೋ ಅದರ ಹತ್ತಿರ ಪಕ್ಕೆಗೋ ಊರಿ, ರೈಫಲನ್ನು ಅಂಗೈಯ ಅಥವಾ ಮುಷ್ಟಿಯ ಮೇಲೆ ಕೂರಿಸಬೇಕು. ನಮ್ಮ ಹೆಣ್ಣುಮಕ್ಕಳು ತುಂಬಿದ ಕೊಡವನ್ನು ಟೊಂಕದ ಮೇಲೆ ಇಟ್ಟುಕೊಂಡು ಮಾತಾಡುತ್ತ ನಿಲ್ಲುವುದನ್ನು ನೋಡಿದ್ದೀಯಲ್ಲ, ಭಾರ ಇಳಿಯಬೇಕಾದ ದಾರಿ ಅದೇ: ಸೊಂಟ, ಕಾಲು, ನೆಲ.

ಹೀಗೆ ನಿಂತ ಮೇಲೆ ಒಂದು ಪರೀಕ್ಷೆ ಮಾಡು. ಗುರಿಯ ಕಡೆ ರೈಫಲ್ ಹಿಡಿದು ಕಣ್ಣು ಮುಚ್ಚು, ಎರಡು ಸಲ ನಿಧಾನವಾಗಿ ಉಸಿರಾಡು, ಮೈ ಸಡಿಲ ಬಿಡು, ಆಮೇಲೆ ಕಣ್ಣು ತೆರೆ. ಸೈಟ್ ಗುರಿಯಿಂದ ಬಲಕ್ಕೆ ಜಾರಿದ್ದರೆ ನಿನ್ನ ದೇಹ ಸಹಜವಾಗಿ ನೋಡುತ್ತಿರುವುದು ಆ ಕಡೆಗೆ. ಆಗ ಕೈಯಿಂದ ರೈಫಲನ್ನು ಎಳೆದು ಸರಿಪಡಿಸಬೇಡ, ಪಾದವನ್ನು ಒಂದು ಬೆರಳಿನಷ್ಟು ಸರಿಸು. ಕೈಯಿಂದ ಎಳೆದು ತಂದ ಗುರಿ, ಪೆಲೆಟ್ ಹೊರಡುವ ಗಳಿಗೆಯಲ್ಲಿ ತನ್ನ ಜಾಗಕ್ಕೆ ಹಿಂದಿರುಗುತ್ತದೆ. ನಿನ್ನ ಹಾಳೆ ಚೆಲ್ಲಾಪಿಲ್ಲಿಯಾಗಲು ಅರ್ಧ ಕಾರಣ ಇದೇ ಇರಬಹುದು.

ಇನ್ನು ‘ಟಕ್ಕನೆ’. ನಿಂತ ಮನುಷ್ಯನ ಸೈಟ್ ಎಂದೂ ಪೂರ್ತಿ ನಿಲ್ಲುವುದಿಲ್ಲ. ಅದು ಕಪ್ಪು ವೃತ್ತದ ಸುತ್ತ ಸಣ್ಣಗೆ ಅಲೆಯುತ್ತಲೇ ಇರುತ್ತದೆ, ಒಲಿಂಪಿಕ್ ಚಾಂಪಿಯನ್ನನದೂ ಅಲೆಯುತ್ತದೆ, ಅಲೆತದ ವಿಸ್ತಾರ ಕಡಿಮೆ ಅಷ್ಟೆ. ಆ ಅಲೆತದಲ್ಲಿ ನಡುವಿಗೆ ಬಂದ ಕ್ಷಣವನ್ನು ಹಿಡಿಯಲು ಹೋದವನ ಬೆರಳು ಟ್ರಿಗರನ್ನು ಜಗ್ಗುತ್ತದೆ, ಜಗ್ಗಿದ ಬೆರಳು ಇಡೀ ಕೈಯನ್ನು ಅಲುಗಿಸುತ್ತದೆ, ಅಲುಗಿದ ಕೈ ಏಳು ಅಂಕ ತಂದುಕೊಡುತ್ತದೆ. ಅಲೆತವನ್ನು ಒಪ್ಪಿಕೊಂಡು, ಅದು ನಡೆಯುತ್ತಿರುವಾಗಲೇ ಬೆರಳಿನ ಒತ್ತಡವನ್ನು ಸಮನಾಗಿ ಹೆಚ್ಚಿಸುತ್ತ ಹೋದರೆ ಒಂಬತ್ತೋ ಹತ್ತೋ ಬರುತ್ತದೆ. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿದ ಮೇಲೆ ನಿನಗಿರುವುದು ಆರರಿಂದ ಎಂಟು ಸೆಕೆಂಡು. ಅಷ್ಟರಲ್ಲಿ ಹೊಡೆತ ಹೋಗದಿದ್ದರೆ ರೈಫಲನ್ನು ಕೆಳಗಿಳಿಸು. ಈ ಇಳಿಸುವುದು ಕಲಿಯಲು ನನಗೆ ಎರಡು ವರ್ಷ ಬೇಕಾಯಿತು, ಏಕೆಂದರೆ ಎತ್ತಿದ್ದನ್ನು ಹೊಡೆಯದೆ ಇಳಿಸುವುದು ಸೋಲೆಂದು ಒಳಗಿನ ಹುಂಬತನ ಹೇಳುತ್ತಿತ್ತು. 60 ಹೊಡೆತಕ್ಕೆ 75 ನಿಮಿಷವೆಂದರೆ ಒಂದಕ್ಕೆ 75 ಸೆಕೆಂಡು. ಎರಡು ಸಲ ಇಳಿಸಿ ಮತ್ತೆ ಎತ್ತಲು ಧಾರಾಳ ಸಮಯವಿದೆ.

ಪೆಲೆಟ್ ನಳಿಗೆ ಬಿಟ್ಟು ಹಾಳೆ ಮುಟ್ಟಲು ಸೆಕೆಂಡಿನ ನೂರರಲ್ಲಿ ಸುಮಾರು ಆರು ಭಾಗ ಸಾಕು. ಆದರೂ ಹೊಡೆದ ಮೇಲೆ ಎರಡು ಸೆಕೆಂಡು ಹಾಗೇ ನಿಂತಿರಬೇಕು. ನಿಲ್ಲುವುದು ಪೆಲೆಟ್ಟಿಗಾಗಿ ಅಲ್ಲ, ನಿನ್ನ ಬೆರಳಿಗಾಗಿ: ಹೊಡೆದ ಕೂಡಲೇ ತಲೆ ಎತ್ತಿ ಅಂಕ ನೋಡುವ ಚಟ ಬಿದ್ದರೆ, ಆ ತಲೆ ದಿನಗಳೆದಂತೆ ಹೊಡೆಯುವ ಮೊದಲೇ ಎತ್ತಲು ಶುರುಮಾಡುತ್ತದೆ.

ಅಭ್ಯಾಸಕ್ಕೆ ಪೆಲೆಟ್ ಸುರಿಯಬೇಕಿಲ್ಲ. ಬಿಳಿ ಗೋಡೆಯ ಎದುರು ನಿಂತು, ಗುರಿಯೇ ಇಲ್ಲದೆ, ಮುಂದಿನ ಸೈಟನ್ನಷ್ಟೇ ನೋಡುತ್ತ ಟ್ರಿಗರ್ ಒತ್ತುವ ಖಾಲಿ ಅಭ್ಯಾಸವನ್ನು ದಿನಕ್ಕೆ 20 ನಿಮಿಷ ಮಾಡು. ಒತ್ತಿದಾಗ ಸೈಟ್ ಯಾವ ಕಡೆ ಜಿಗಿಯುತ್ತದೆಂಬುದನ್ನು ಗೋಡೆ ಮುಚ್ಚಿಡುವುದಿಲ್ಲ. ಒಂದು ಎಚ್ಚರಿಕೆ: ಗೆಳೆಯನ ರೈಫಲ್ ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಬಗೆಯದಾದರೆ ಅದನ್ನು ಪೆಲೆಟ್ ಇಲ್ಲದೆ ಸಿಡಿಸಬೇಡ. ಒಳಗಿನ ಪಿಸ್ಟನ್ನಿಗೆ ಗಾಳಿಯ ತಡೆ ಸಿಗದೆ ಅದು ಲೋಹಕ್ಕೆ ಬಡಿದು ಹಾಳಾಗುತ್ತದೆ. ಸಿಲಿಂಡರಿನ ಗಾಳಿಯಿಂದ ನಡೆಯುವ ಸ್ಪರ್ಧಾ ರೈಫಲುಗಳಲ್ಲಿ ಖಾಲಿ ಅಭ್ಯಾಸಕ್ಕೆಂದೇ ಪ್ರತ್ಯೇಕ ವ್ಯವಸ್ಥೆ ಇರುತ್ತದೆ.

ಮೊದಲ ಸ್ಪರ್ಧೆಯಲ್ಲಿ ಏನಾಗುತ್ತದೆಂದು ಮುಂದೆ ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಮೊದಲ ರಾಜ್ಯಮಟ್ಟದ ಸ್ಪರ್ಧೆಯಲ್ಲಿ, ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ಬೆಂಗಳೂರಿಗೆ ಹೋಗಿ ನಿಂತವನು, 23ನೆಯ ಹೊಡೆತವನ್ನು ಬಹಳ ಚೆನ್ನಾಗಿ ಹೊಡೆದೆ, ಪಕ್ಕದವರ ಹಾಳೆಗೆ. ಬೇರೆಯವರ ಗುರಿಗೆ ಬಿದ್ದ ಸ್ಪರ್ಧೆಯ ಹೊಡೆತಕ್ಕೆ ಸೊನ್ನೆ ಅಂಕ. ವಿರಾಮಕ್ಕೆಂದು ಹಿಂದೆ ಸರಿದವನು ಮತ್ತೆ ನಿಲ್ಲುವಾಗ ಪಾದವನ್ನು ಹಳೆಯ ಜಾಗದಲ್ಲಿ ಇಟ್ಟಿರಲಿಲ್ಲ. ಅಂದಿನಿಂದ ಪಾದದ ಗುರುತಿಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆಯಲು ಅನುಮತಿ ಕೇಳುವುದನ್ನೂ, ಪ್ರತಿ ಹೊಡೆತಕ್ಕೆ ಮುಂಚೆ ಗುರಿಯ ಮೇಲಿನ ಸಂಖ್ಯೆ ಓದುವುದನ್ನೂ ಬಿಟ್ಟಿಲ್ಲ.

ಪ್ರಶ್ನೆ: ಸರಕಾರಿ ಶಾಲೆಯ ಶಿಕ್ಷಕನ ಸಂಬಳದಲ್ಲಿ ಈ ಹವ್ಯಾಸ ನಿಭಾಯಿಸಬಹುದೇ? ರೈಫಲ್ ಕೊಳ್ಳಬೇಕೋ ಪಿಸ್ತೂಲೋ? ಉದ್ದ ನಳಿಗೆಯದು ಹೆಚ್ಚು ಖಚಿತವೆಂದು ಅಂಗಡಿಯವರು ಹೇಳುತ್ತಾರೆ.
(ಶಹಾಪುರದ ಶಿಕ್ಷಕರು)

ಉತ್ತರ: ನಳಿಗೆಯ ಉದ್ದವೇ ಖಚಿತತೆಯಾಗಿದ್ದರೆ ಕಲಬುರಗಿ ಕೋಟೆಯ 29 ಅಡಿಯ ಬಾರಾ ಗಜ್ ತೋಪಿನಿಂದ ನಿಂಬೆಹಣ್ಣು ಹೊಡೆಯಬಹುದಿತ್ತು. ನಳಿಗೆ ಎಷ್ಟು ಸಮನಾಗಿ ಕೊರೆದಿದೆ, ಪೆಲೆಟ್ ಅದಕ್ಕೆ ಎಷ್ಟು ಒಗ್ಗುತ್ತದೆ, ಟ್ರಿಗರ್ ಎಷ್ಟು ನಯವಾಗಿದೆ ಎಂಬುವೇ ಮುಖ್ಯ.

ಸಾಮಾನ್ಯವಾಗಿ ಎಲ್ಲರೂ ರೈಫಲಿನಿಂದ ಆರಂಭಿಸಲು ಹೇಳುತ್ತಾರೆ. ನಮ್ಮ ಸೀಮೆಯವರಿಗೆ ನಾನು ಪಿಸ್ತೂಲನ್ನೇ ಸೂಚಿಸುತ್ತೇನೆ, ಮತ್ತು ಅದಕ್ಕೆ ಮುಖ್ಯ ಕಾರಣ ಬಿಸಿಲು. ರೈಫಲ್ ಸ್ಪರ್ಧಿಗೆ ಬೆನ್ನು ಸೊಂಟಗಳನ್ನು ಬಿಗಿದು ನಿಲ್ಲಿಸುವ ದಪ್ಪ ಕ್ಯಾನ್ವಾಸಿನ ಜಾಕೆಟ್, ಅಂಥದೇ ಪ್ಯಾಂಟು, ಚಪ್ಪಟೆ ಅಡಿಯ ಬೂಟು, ಕೈಗವಸು ಬೇಕು. ಕಲಬುರಗಿಯ ಗಂಜ್‌ನಲ್ಲಿ ಸಂಬಂಧಿಕರೊಬ್ಬರ ದಾಲ್ ಮಿಲ್ಲಿನ ಗೋದಾಮಿನಲ್ಲಿ ನಾವು ಕೆಲವರು ಅಭ್ಯಾಸ ಮಾಡುತ್ತೇವೆ. ತಗಡಿನ ಸೂರಿನ ಕೆಳಗೆ, ಹೊರಗೆ 42 ಡಿಗ್ರಿ ಇರುವ ಮೇ ತಿಂಗಳ ಮಧ್ಯಾಹ್ನ ಆ ಜಾಕೆಟ್ಟಿನ ಗುಂಡಿ ಹಾಕಿ ನಿಂತರೆ ಹದಿನೈದನೆಯ ಹೊಡೆತಕ್ಕೆ ಹುಬ್ಬಿನಿಂದ ಇಳಿದ ಬೆವರು ಹಿಂದಿನ ಸೈಟಿನ ಸಣ್ಣ ರಂಧ್ರಕ್ಕೇ ತೊಟ್ಟಿಕ್ಕುತ್ತದೆ. ಫ್ಯಾನ್ ಹಾಕೋಣವೆಂದರೆ ಗುರಿಹಾಳೆ ಅಲುಗಾಡುತ್ತದೆ, ಅಷ್ಟರಲ್ಲಿ ಕರೆಂಟೂ ಹೋಗುತ್ತದೆ. ಹೀಗಾಗಿ ರೈಫಲ್ ಹಿಡಿದವರು ಬೇಸಿಗೆಯಲ್ಲಿ ಬೆಳಗಿನ ಆರರೊಳಗೆ ಅಭ್ಯಾಸ ಮುಗಿಸುವವರು ಇಲ್ಲವೇ ಜೂನ್ ತನಕ ಕೈಬಿಡುವವರು.

ಪಿಸ್ತೂಲಿಗೆ ಜಾಕೆಟ್ಟಿಲ್ಲ. ಒಂದೇ ಕೈಯಲ್ಲಿ ಹಿಡಿದು, ಮಣಿಕಟ್ಟಿಗೆ ಯಾವ ಆಸರೆಯೂ ಇಲ್ಲದೆ ಹೊಡೆಯಬೇಕು, ಆಯುಧ 1.5 ಕಿಲೋಗ್ರಾಂ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ತೂಕವನ್ನು ಸಿಡಿಯದೆ ಎತ್ತಿ ನಿಲ್ಲಿಸಬೇಕು. ಹತ್ತು ಅಂಕದ ವೃತ್ತ 11.5 ಮಿಲಿಮೀಟರ್ ಇರುವುದನ್ನು ಕಂಡು ರೈಫಲಿನವರು ನಗುತ್ತಾರೆ, ಚಾಚಿದ ಒಂಟಿ ಕೈಯಲ್ಲಿ ಹಿಡಿದು ನೋಡಿದ ಮೇಲೆ ನಗು ನಿಲ್ಲುತ್ತದೆ. ಬಹುಕಾಲ ಕಾಡುವ ತಪ್ಪು ಕಣ್ಣಿನದು. ಕಣ್ಣು ಗುರಿಯನ್ನು ನೋಡಲು ಹಾತೊರೆಯುತ್ತದೆ, ಆದರೆ ಸ್ಪಷ್ಟವಾಗಿ ಕಾಣಬೇಕಾದದ್ದು ಮುಂದಿನ ಸೈಟ್. ಗುರಿ ಮಸುಕಾದ ಕಪ್ಪು ಉಂಡೆಯಾಗಿ ಆಚೆ ಇರಲಿ. ಬೆಂಗಳೂರಿನ ಪಿ. ಎನ್. ಪ್ರಕಾಶ್ 2013ರಲ್ಲಿ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಕಂಚು ಗೆದ್ದದ್ದು ಈ 10 ಮೀಟರ್ ಏರ್ ಪಿಸ್ತೂಲಿನಲ್ಲಿಯೇ. 2024ರಲ್ಲಿ ಮನು ಭಾಕರ್ ಪ್ಯಾರಿಸ್ಸಿನಿಂದ ತಂದ ಎರಡು ಕಂಚುಗಳೂ ಇದರವೇ.

ಖರ್ಚಿನ ಮಾತು. ಫೈನ್‌ವರ್ಕ್‌ಬೌ, ವಾಲ್ಥರ್, ಸ್ಟೇಯರ್ ಮೊದಲಾದ ವಿದೇಶೀ ಸ್ಪರ್ಧಾ ಆಯುಧಗಳ ಬೆಲೆ ಲಕ್ಷಗಳಲ್ಲಿದೆ. ಅದನ್ನು ಮೊದಲ ವರ್ಷ ಕೊಳ್ಳುವುದು, ಹಾರ್ಮೋನಿಯಂ ಕಲಿಯುವ ಮೊದಲೇ ಪಿಯಾನೋ ತರಿಸಿದಂತೆ. ರೇಂಜಿನ ಆಯುಧದಲ್ಲಿ ಆರು ತಿಂಗಳು ಕಲಿಯಿರಿ. ಆಮೇಲೂ ಆಸೆ ಉಳಿದರೆ ಭಾರತದಲ್ಲೇ ತಯಾರಾದದ್ದನ್ನೋ ಬಳಸಿದ್ದನ್ನೋ ಹುಡುಕಿ. ಬಳಸಿದ್ದನ್ನು ಕೊಳ್ಳುವಾಗ ಗಾಳಿಯ ಸಿಲಿಂಡರಿನ ಮೇಲೆ ಕೊರೆದ ದಿನಾಂಕವನ್ನು ತಪ್ಪದೆ ಓದಿ. ಅದರ ಬಾಳಿಕೆ ಸಾಮಾನ್ಯವಾಗಿ 10 ವರ್ಷ. ಅವಧಿ ಮುಗಿದದ್ದನ್ನು ಸ್ಪರ್ಧೆಯಲ್ಲಿ ಬಳಸುವಂತಿಲ್ಲ, ಮತ್ತು 200 ಬಾರ್ ಒತ್ತಡ ತುಂಬುವ ವಸ್ತುವಿನೊಂದಿಗೆ ಉಳಿತಾಯದ ಆಟ ಆಡಬಾರದು. ನನಗೆ ತಿಳಿದವರೊಬ್ಬರು ಅಗ್ಗವೆಂದು ಕೊಂಡ ಪಿಸ್ತೂಲಿಗೆ ಹೊಸ ಸಿಲಿಂಡರ್ ಹುಡುಕುತ್ತ ಒಂದು ಇಡೀ ಋತುವನ್ನೇ ಕಳೆದುಕೊಂಡರು. ಪೆಲೆಟ್ 500ರ ಡಬ್ಬಿಯಲ್ಲಿ ಬರುತ್ತದೆ. ಒಂದು ಪೂರ್ಣ ಅಭ್ಯಾಸಕ್ಕೆ ಸೈಟ್ ತಿದ್ದಿಕೊಳ್ಳುವ ಹೊಡೆತಗಳೂ ಸೇರಿ ಸುಮಾರು 80 ಬೇಕಾಗುವುದರಿಂದ ಒಂದು ಡಬ್ಬಿ ಆರು ಸಲಕ್ಕೆ ಸಾಕು. ನಿಜವಾಗಿ ಕಿಸೆಗೆ ಭಾರವಾಗುವುದು ಪ್ರಯಾಣ, ವಸತಿ ಮತ್ತು ಸ್ಪರ್ಧೆಯ ಶುಲ್ಕ. ವರ್ಷಕ್ಕೆ ಎರಡೇ ಸ್ಪರ್ಧೆ ಎಂದು ನಿಮಗೆ ನೀವೇ ಮಿತಿ ಹಾಕಿಕೊಂಡು, ಉಳಿದ ದಿನಗಳಲ್ಲಿ ಮನೆಯಲ್ಲೇ ಅಂಕ ಬರೆದಿಡುತ್ತ ಹೋದರೆ ಶಿಕ್ಷಕರ ಸಂಬಳದಲ್ಲಿ ನಿಭಾಯಿಸಬಹುದು.

ಪ್ರಶ್ನೆ: ಮಗಳಿಗೆ 12 ತುಂಬಿತು. ಟಿವಿಯಲ್ಲಿ ನೋಡಿ ಶೂಟಿಂಗ್ ಕಲಿಯುತ್ತೇನೆಂದು ಹಟ ಹಿಡಿದಿದ್ದಾಳೆ. ಮನೆಯ ಹಿರಿಯರು ಹೆಣ್ಣುಮಗುವಿನ ಕೈಗೆ ಬಂದೂಕೇ ಎನ್ನುತ್ತಾರೆ. ನನಗೆ ಭಯವಿರುವುದು ಅಪಾಯದ ಬಗ್ಗೆ.
(ಬೀದರಿನ ತಾಯಿಯೊಬ್ಬರು)

ಉತ್ತರ: ಹಿರಿಯರಿಗೆ ಮನು ಭಾಕರ್ ಅವರ ಚಿತ್ರ ತೋರಿಸಿ, ಆ ವಾದ ಅಲ್ಲಿಗೆ ಮುಗಿಯಲಿ. ನಿಮ್ಮ ಭಯ ಮಾತ್ರ ಸರಿಯಾದದ್ದು, ಅದನ್ನು ಉಳಿಸಿಕೊಳ್ಳಿ. ಗುರಿ ಅಭ್ಯಾಸಕ್ಕೆ ನಿಯಮಗಳು ಒಪ್ಪುವ ಕನಿಷ್ಠ ವಯಸ್ಸು 12. ಅಭ್ಯಾಸವೆಂದರೆ ತರಬೇತುದಾರರ ಕಣ್ಣೆದುರಿಗೆ ನಡೆಯುವುದು, ಮನೆಯ ಅಂಗಳದಲ್ಲಿ ಅಣ್ಣಂದಿರ ಜತೆ ನಡೆಯುವುದಲ್ಲ.

ತರಬೇತಿ ಕೇಂದ್ರವನ್ನು ಆರಿಸುವಾಗ ಗೋಡೆಯ ಮೇಲಿನ ಪದಕಗಳ ಚಿತ್ರಗಳನ್ನು ನೋಡಬೇಡಿ. ಒಂದು ಗಂಟೆ ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕುಳಿತು, ಹೊಡೆಯುವುದು ನಿಂತಾಗ ಏನಾಗುತ್ತದೆಂದು ಗಮನಿಸಿ. ಒಬ್ಬರಾದರೂ ಗುರಿಯ ಕಡೆ ನಡೆದು ಹೋಗುವಾಗ ಉಳಿದವರೆಲ್ಲರ ಆಯುಧಗಳು ಮೇಜಿನ ಮೇಲೆ, ಪೆಲೆಟ್ ಇಲ್ಲದೆ, ನಳಿಗೆ ಗುರಿಯ ಕಡೆಗೇ ತಿರುಗಿ, ನಳಿಗೆಯೊಳಗೆ ಕಣ್ಣಿಗೆ ಹೊಡೆಯುವ ಬಣ್ಣದ ಸುರಕ್ಷತಾ ದಾರ ತೂರಿಸಿ ಇರಬೇಕು. ಯಾರೂ ಅವನ್ನು ಮುಟ್ಟಕೂಡದು. ಖಾಲಿ ಆಯುಧವನ್ನು ತಮಾಷೆಗೆ ಗೆಳತಿಯ ಕಡೆ ತಿರುಗಿಸಿದ ಹುಡುಗನನ್ನು ತರಬೇತುದಾರರು ಆ ದಿನದ ಮಟ್ಟಿಗೆ ಮನೆಗೆ ಕಳಿಸಿದರೆ, ಅದೇ ನಿಮ್ಮ ಮಗಳಿಗೆ ತಕ್ಕ ಜಾಗ. ನಕ್ಕು ಸುಮ್ಮನಾದರೆ ಎದ್ದು ಬನ್ನಿ.

ಎರಡನೆಯ ಅಪಾಯ ಸದ್ದಿಲ್ಲದ್ದು. ಪೆಲೆಟ್ ಸೀಸದ್ದು, ಅದರ ಪುಡಿ ಬೆರಳಿಗೆ ಅಂಟುತ್ತದೆ, ಗುರಿಯ ಪೆಟ್ಟಿಗೆಯ ಬಳಿ ದೂಳಾಗಿ ಏಳುತ್ತದೆ. ಬೆಳೆಯುವ ಮಕ್ಕಳ ಮೈಗೆ ಸೀಸ ದೊಡ್ಡವರಿಗಿಂತ ಹೆಚ್ಚು ಕೆಡುಕು ಮಾಡುತ್ತದೆ. ಪೆಲೆಟ್ಟನ್ನು ತುಟಿಯ ನಡುವೆ ಹಿಡಿದುಕೊಳ್ಳುವ ಕೆಟ್ಟ ರೂಢಿಯನ್ನು ಮೊದಲ ದಿನವೇ ತಡೆಯಿರಿ, ಅಭ್ಯಾಸ ಮುಗಿದ ಕೂಡಲೇ ಸಾಬೂನಿನಿಂದ ಕೈ ತೊಳೆಯದೆ ಡಬ್ಬಿಯ ರೊಟ್ಟಿ ಬಿಚ್ಚಲು ಬಿಡಬೇಡಿ. ಭಾರದ ವಿಷಯದಲ್ಲೂ ಆತುರ ಬೇಡ. ನಿಯಮದ ಪ್ರಕಾರ ಏರ್ ರೈಫಲ್ 5.5 ಕಿಲೋಗ್ರಾಂವರೆಗೆ ಇರಬಹುದು. ಅಷ್ಟು ತೂಕವನ್ನು 12ರ ಬೆನ್ನುಮೂಳೆಯ ಮೇಲೆ ಹೇರಬಾರದು. ಮೊದಲ ಕೆಲವು ತಿಂಗಳು ಕುಳಿತು, ಆಸರೆಯ ಮೇಲೆ ರೈಫಲ್ ಇಟ್ಟು ಟ್ರಿಗರ್ ಒತ್ತುವುದನ್ನಷ್ಟೇ ಕಲಿಯಲಿ.

ಪ್ರಶ್ನೆ: ಬಾಲ್ಯದ ಪೋಲಿಯೊದಿಂದ ನನ್ನ ಬಲಗಾಲಿನಲ್ಲಿ ಬಲವಿಲ್ಲ. ನನ್ನಂಥವರಿಗೆ ಪ್ರತ್ಯೇಕ ಸ್ಪರ್ಧೆ ಇದೆಯೇ?
(ಆಳಂದದ ಅಂಗಡಿ ಮಾಲೀಕರು)

ಉತ್ತರ: ಇದೆ. ಪ್ಯಾರಾ ಶೂಟಿಂಗಿನಲ್ಲಿ ಆಯುಧದ ಭಾರವನ್ನು ತಮ್ಮ ತೋಳಿನಲ್ಲೇ ಹೊರಬಲ್ಲವರು ಎಸ್‌ಎಚ್1 ವರ್ಗಕ್ಕೂ, ತೋಳಿನ ದೌರ್ಬಲ್ಯದಿಂದಾಗಿ ರೈಫಲಿಗೆ ಸ್ಪ್ರಿಂಗ್ ಆಸರೆ ಬೇಕಾದವರು ಎಸ್‌ಎಚ್2 ವರ್ಗಕ್ಕೂ ಸೇರುತ್ತಾರೆ. ನೀವು ಬರೆದುದನ್ನು ನೋಡಿದರೆ ಮೊದಲನೆಯದು ಹೊಂದಬಹುದು, ಆದರೆ ಅದನ್ನು ನಿರ್ಧರಿಸುವುದು ವರ್ಗೀಕರಣದ ತಪಾಸಣೆ. ಟೋಕಿಯೊ ಮತ್ತು ಪ್ಯಾರಿಸ್ ಎರಡೂ ಪ್ಯಾರಾಲಿಂಪಿಕ್ಸ್‌ಗಳಲ್ಲಿ 10 ಮೀಟರ್ ಏರ್ ರೈಫಲಿನ ಚಿನ್ನ ಗೆದ್ದ ಅವನಿ ಲೇಖರಾ ಎಸ್‌ಎಚ್1ನವರು. ಪ್ಯಾರಿಸ್ಸಿನಲ್ಲಿ ಸ್ಪರ್ಧಿಸಿದ ನಮ್ಮ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಎಸ್‌ಎಚ್2ನವರು. ವೈದ್ಯಕೀಯ ದಾಖಲೆಗಳನ್ನು ಈಗಿನಿಂದಲೇ ಜೋಡಿಸಿಟ್ಟುಕೊಳ್ಳಿ. ರೇಂಜಿಗೆ ಹೋಗುವ ಮೊದಲು ಅಲ್ಲಿಯ ಮೆಟ್ಟಿಲು ಮತ್ತು ಶೌಚಾಲಯದ ವಿಷಯವನ್ನು ಫೋನಿನಲ್ಲೇ ವಿಚಾರಿಸಿ. ಹೊಡೆಯುವ ಜಾಗ ಸಮತಟ್ಟಾಗಿದ್ದು, ಅದನ್ನು ಮುಟ್ಟಲು ಹನ್ನೆರಡು ಮೆಟ್ಟಿಲು ಹತ್ತಬೇಕಾದ ರೇಂಜನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನಮ್ಮ ಹಳೆಯ ಮನೆಯ ಹಿಂದೆ 14 ಮೀಟರ್ ಉದ್ದದ ಕೊಟ್ಟಿಗೆ ಖಾಲಿ ಬಿದ್ದಿದೆ. ಕೊನೆಯ ಗೋಡೆ ಶಹಾಬಾದ್ ಕಲ್ಲಿನದು, ಗಟ್ಟಿಯಾಗಿದೆ. ಅದಕ್ಕೇ ಹಾಳೆ ಅಂಟಿಸಿ ಅಭ್ಯಾಸ ಮಾಡಬಹುದೇ?
(ಚಿತ್ತಾಪುರದ ರೈತರೊಬ್ಬರು)

ಉತ್ತರ: ಜಾಗ ಬಹಳ ಒಳ್ಳೆಯದು, ಗೋಡೆಗೆ ಹಾಳೆ ಅಂಟಿಸುವುದು ಬೇಡ. ಗಟ್ಟಿ ಕಲ್ಲಿಗೆ ಬಡಿದ ಪೆಲೆಟ್ ಚಪ್ಪಟೆಯಾಗಿ ಹೊಡೆದವನ ಕಡೆಗೇ ಹಿಂದಿರುಗಬಲ್ಲದು, ಪರಸಿ ಕಲ್ಲಿನ ಚಕ್ಕೆಯೂ ಸಿಡಿಯುತ್ತದೆ. ಹಾಳೆಯ ಹಿಂದೆ ಒಂದು ಕಬ್ಬಿಣದ ಪೆಟ್ಟಿಗೆ ಇರಲಿ. ಅದರೊಳಗೆ ದಪ್ಪ ಉಕ್ಕಿನ ತಗಡು ಮೇಲಿನಿಂದ ಒಳಮುಖವಾಗಿ 45 ಡಿಗ್ರಿ ಓರೆಯಾಗಿ, ಬಡಿದ ಪೆಲೆಟ್ಟನ್ನು ಕೆಳಗಿನ ತಟ್ಟೆಗೆ ತಳ್ಳುವಂತೆ ಕೂತಿರಬೇಕು. ವೆಲ್ಡಿಂಗ್ ಅಂಗಡಿಯವರಿಗೆ ಗೋಧಿ ಹಿಟ್ಟಿನ ಗಿರಣಿಯ ಜಾರುದೋಣಿ ಎಂದು ಹೇಳಿದರೆ ಬೇಗ ಅರ್ಥವಾಗುತ್ತದೆ. ಪೆಟ್ಟಿಗೆಯ ಸುತ್ತ, ತಪ್ಪಿದ ಹೊಡೆತಕ್ಕೆಂದು, ಹಳೆಯ ಕೌದಿಗಳನ್ನು ಎರಡು ಮೂರು ಪದರ ಇಳಿಬಿಡಿ. ಅವು ಸದ್ದನ್ನೂ ನುಂಗುತ್ತವೆ. ನಮ್ಮ ಗೋದಾಮಿನಲ್ಲಿ ಕೌದಿ ಕಟ್ಟಿದ ಮೇಲೆಯೇ ಪಕ್ಕದವರ ದೂರು ನಿಂತದ್ದು.

ಹೊಡೆಯುವ ಗೆರೆಯಿಂದ ಹಾಳೆಯ ಮುಖಕ್ಕೆ ಟೇಪ್ ಹಿಡಿದು ಸರಿಯಾಗಿ 10 ಮೀಟರ್ ಅಳೆಯಿರಿ, ಗುರಿಯ ನಡುಚುಕ್ಕೆ ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ. ಹಾಳೆಯ ಮೇಲೆ ನೇರ ಬೆಳಕು ಬೇಕು, ಸ್ಪರ್ಧೆಯಲ್ಲಿ 1500 ಲಕ್ಸ್ (ಬೆಳಕಿನ ಅಳತೆ) ಕೇಳುತ್ತಾರೆ. ಒಂದು ಸಣ್ಣ ಎಲ್‌ಇಡಿ ಫ್ಲಡ್ ಲೈಟನ್ನು ನಿಮ್ಮ ಕಣ್ಣಿಗೆ ಹೊಡೆಯದಂತೆ ಮರೆಮಾಡಿ ಹಾಳೆಯ ಕಡೆ ತಿರುಗಿಸಿದರೆ ಆಯಿತು. ನೆಲವನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ತಟ್ಟೆಯ ಸೀಸವನ್ನು ಡಬ್ಬಿಯಲ್ಲಿ ಮುಚ್ಚಿಡಿ, ದನದ ಮೇವಿನ ಹತ್ತಿರ ಸುಳಿಯಗೊಡಬೇಡಿ. ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸವೊಂದಿದೆ: ಹೊಡೆಯುವ ಗೆರೆಗೂ ಗುರಿಗೂ ನಡುವೆ ಕೊಟ್ಟಿಗೆಗೆ ಬಾಗಿಲಿದ್ದರೆ, ಅದಕ್ಕೆ ಒಳಗಿನಿಂದ ಅಗಳಿ ಹಾಕಿಸಿ. ಹಳ್ಳಿಯ ಕೊಟ್ಟಿಗೆಗೆ ಯಾರೂ ಬಾಗಿಲು ತಟ್ಟಿ ಬರುವುದಿಲ್ಲ.